ರೆಕ್ಕೆಯಡಿಗೆ ಬೆಳಕು ತನ್ನಿ: ಹಾರುವ ಬೇಟೆ ಹಕ್ಕಿಗಳ ಫೋಟೊ ಮತ್ತು ಗುರುತು

ಹಕ್ಕಿಗಳ ಫೋಟೊ ತೆಗೆಯಲು ಹೊರಟವರಿಗೆಲ್ಲ ಒಂದು ತೊಡಕು ಎದುರಾಗಿಯೇ ಆಗುತ್ತದೆ. ತಲೆಯ ಮೇಲೆ ದೊಡ್ಡದೊಂದು ಹಕ್ಕಿ ಸುತ್ತು ಹಾಕುತ್ತಿರುತ್ತದೆ. ಗಡಿಬಿಡಿಯಲ್ಲಿ ಕ್ಯಾಮೆರಾ ಎತ್ತಿ ಒಂದಿಷ್ಟು ಕ್ಲಿಕ್ಕಿಸುತ್ತೀರಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಬೆಳ್ಳಗಿನ ಆಕಾಶದಲ್ಲಿ ಒಂದು ಕಪ್ಪು ಆಕೃತಿ. ಕಣ್ಣಿಲ್ಲ, ಕೊಕ್ಕಿಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ಪುಸ್ತಕ ತೆರೆದರೆ ಅಲ್ಲಿ ಪುಟಗಟ್ಟಲೆ ಕಂದು ಹಕ್ಕಿಗಳು. ತಿಳಿದವರಿಗೆ ಕಳಿಸಿದರೆ ಒಬ್ಬರು ಹದ್ದು ಎನ್ನುತ್ತಾರೆ, ಮತ್ತೊಬ್ಬರು ಗಿಡುಗ ಎನ್ನುತ್ತಾರೆ.

ಫೋಟೊ ಸರಿಬರದಿರುವುದು ಒಂದು ಸಮಸ್ಯೆ, ಗುರುತು ಸಿಗದಿರುವುದು ಇನ್ನೊಂದು ಎಂದು ನಾವು ತಿಳಿಯುತ್ತೇವೆ. ಎರಡರ ಬೇರೂ ಒಂದೇ ಕಡೆ ಇದೆ. ಹಾರುವ ಬೇಟೆ ಹಕ್ಕಿಯ ಗುರುತು ಬಹುಪಾಲು ಇರುವುದು ರೆಕ್ಕೆಯ ಅಡಿಭಾಗದಲ್ಲಿ ಮತ್ತು ಬಾಲದಲ್ಲಿ. ಕ್ಯಾಮೆರಾ ಮೊದಲು ಕತ್ತಲಾಗಿಸುವುದೂ ಅದೇ ಭಾಗವನ್ನು. ರೆಕ್ಕೆಯಡಿಗೆ ಬೆಳಕು ತರುವುದನ್ನು ಕಲಿತರೆ ಚಿತ್ರವೂ ಸುಧಾರಿಸುತ್ತದೆ, ಹಕ್ಕಿಯ ಹೆಸರೂ ಸಿಗುತ್ತದೆ.

ಈ ಹಕ್ಕಿಗಳನ್ನು ಹತ್ತಿರದಿಂದ ಗಮನಿಸುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಡೇಗೆ ಬಿಟ್ಟು ಬೇಟೆಯಾಡುವ ವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಫಿಲ್ಮ್ ಕಾಲದಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು 36 ಚೌಕಟ್ಟುಗಳ ರೋಲಿನಲ್ಲಿ ವನ್ಯಜೀವಿಗಳ ಚಿತ್ರ ತೆಗೆದು ಬೆಂಗಳೂರಿಗೆ ಹೆಸರು ತಂದರು. ಇಂದು ನಮ್ಮ ಕೈಯಲ್ಲಿ ಒಂದೇ ಬೆಳಗ್ಗೆ ಸಾವಿರ ಚೌಕಟ್ಟು ತೆಗೆಯಬಲ್ಲ ಕ್ಯಾಮೆರಾ ಇದೆ. ಅದನ್ನು ಯಾವ ಗಳಿಗೆಯಲ್ಲಿ, ಹಕ್ಕಿಯ ಯಾವ ಮಗ್ಗುಲಿಗೆ ಹಿಡಿಯಬೇಕು ಎಂಬುದು ತಿಳಿದಿರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹಕ್ಕಿಗಳಿಗೆ ಊರೂರಿಗೆ ಬೇರೆ ಬೇರೆ ಹೆಸರುಗಳಿವೆ. ಒಂದೇ ಹೆಸರು ಎರಡು ಹಕ್ಕಿಗೆ ಸಲ್ಲುವುದೂ ಉಂಟು. ಹಾಗಾಗಿ ಗೊಂದಲವಾಗುವ ಕಡೆಯಲ್ಲೆಲ್ಲ ಪುಸ್ತಕಗಳಲ್ಲಿರುವ ಇಂಗ್ಲಿಷ್ ಹೆಸರನ್ನೇ ಬಳಸಿದ್ದೇನೆ.

ಹಕ್ಕಿ ಕಪ್ಪಾಗುವುದು ಏಕೆ?

ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ತನ್ನ ಮುಂದಿರುವುದು ಹಕ್ಕಿಯೋ ಆಕಾಶವೋ ತಿಳಿಯದು. ಚೌಕಟ್ಟಿನಲ್ಲಿರುವ ಎಲ್ಲ ಬೆಳಕನ್ನೂ ಕೂಡಿಸಿ, ಅದನ್ನು ನಡುವಣ ಬೂದು ಬಣ್ಣಕ್ಕೆ ತಂದು ನಿಲ್ಲಿಸುವುದೇ ಅದರ ಕೆಲಸ. ಮೋಡ ಕವಿದ ಬಿಳಿ ಆಕಾಶ ಚೌಕಟ್ಟಿನ ಬಹುಪಾಲನ್ನು ತುಂಬಿದಾಗ, ಇಷ್ಟು ಬೆಳಕು ಹೆಚ್ಚಾಯಿತು ಎಂದುಕೊಂಡು ಮಾಪಕ ಬೆಳಕನ್ನು ತಗ್ಗಿಸುತ್ತದೆ. ಆಕಾಶ ಬೂದಾಗುತ್ತದೆ, ಮೊದಲೇ ನೆರಳಿನಲ್ಲಿದ್ದ ರೆಕ್ಕೆಯಡಿ ಕಪ್ಪಾಗುತ್ತದೆ.

ಅದೇ ಹಕ್ಕಿ ಕೆಳಗಿಳಿದು ಕಾಡಿನ ಹಸಿರಿನ ಮುಂದೆ ಹಾದುಹೋದರೆ ಮಾಪಕ ತಟ್ಟನೆ ಬೆಳಕು ಏರಿಸುತ್ತದೆ. ಆಗ ಗರುಡನ ಬಿಳಿ ತಲೆ ಸುಣ್ಣ ಬಳಿದಂತೆ ಬೆಳ್ಳಗಾಗಿ, ಗರಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಎರಡೂ ಕಡೆ ಒಂದೇ ಆಗಿತ್ತು, ಬದಲಾದದ್ದು ಹಿನ್ನೆಲೆ. ಆದ್ದರಿಂದ ಹಾರುವ ಹಕ್ಕಿಯ ಮಟ್ಟಿಗೆ ಬೆಳಕಿನ ತೀರ್ಮಾನವನ್ನು ಕ್ಯಾಮೆರಾಕ್ಕೆ ಬಿಡದೆ ನೀವೇ ತೆಗೆದುಕೊಳ್ಳುವುದು ಒಳ್ಳೆಯದು.

ಯಾವ ಹೊತ್ತು, ಎಲ್ಲಿ ನಿಲ್ಲಬೇಕು?

ಅಗಲ ರೆಕ್ಕೆಯ ದೊಡ್ಡ ಹಕ್ಕಿಗಳು ರೆಕ್ಕೆ ಬಡಿಯಲು ಒಲ್ಲವು. ಅದಕ್ಕೆ ಬಹಳ ಶಕ್ತಿ ಬೇಕು. ಬಿಸಿಲಿಗೆ ನೆಲ ಕಾದು, ಬಿಸಿಗಾಳಿ ಕಂಬದಂತೆ ಮೇಲೇಳುವವರೆಗೆ ಅವು ಮರದಲ್ಲೋ ಬಂಡೆಯ ಮೇಲೋ ಕಾದು ಕೂತಿರುತ್ತವೆ. ಬಂಡೆಗಳು, ಉತ್ತ ಹೊಲ, ಡಾಂಬರು ರಸ್ತೆ ಬೇಗ ಕಾಯುತ್ತವೆ. ಕೆರೆ ಮತ್ತು ತೋಟಗಳ ಮೇಲಿನ ಗಾಳಿ ತಡವಾಗಿ ಬಿಸಿಯೇರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಬೆಳಗಿನ 8.30ರಿಂದ 10.30ರ ನಡುವಿನ ಹೊತ್ತನ್ನು ಕಳೆದುಕೊಳ್ಳಬೇಡಿ. ಆಗ ಬಿಸಿಗಾಳಿ ಇನ್ನೂ ಎಳೆಯದು. ಹಕ್ಕಿಗಳು ಮೇಲೇರಲು ಶುರುಮಾಡಿರುತ್ತವೆ, ಆದರೆ ಇನ್ನೂ ಕೆಳಗೇ ಇರುತ್ತವೆ. ಸೂರ್ಯನೂ ಕೆಳಗಿರುವುದರಿಂದ ಬಿಸಿಲು ಓರೆಯಾಗಿ ರೆಕ್ಕೆಯಡಿಗೆ ಹೊಗುತ್ತದೆ. ನಡುಹಗಲಿಗೆ ಅದೇ ಹಕ್ಕಿ ಕಣ್ಣಿಗೆ ನಿಲುಕದಷ್ಟು ಎತ್ತರದಲ್ಲಿ ಚುಕ್ಕೆಯಾಗಿರುತ್ತದೆ, ನಡುವಿನ ಬಿಸಿಗಾಳಿಯ ನಡುಕ ಚಿತ್ರವನ್ನು ಮಸುಕಾಗಿಸುತ್ತದೆ.

ಶಿಕ್ರಾ, ಚಾಣಗಳು, ಬಯಲಿನ ಹ್ಯಾರಿಯರ್‌ಗಳು ಹಾಗಲ್ಲ. ಅವು ಬಿಸಿಗಾಳಿಗೆ ಕಾಯದೆ ನಸುಕಿನಲ್ಲೇ ಬೇಟೆಗಿಳಿಯುತ್ತವೆ. ಹ್ಯಾರಿಯರ್ ಬೇಕೆಂದರೆ ನವೆಂಬರಿನಿಂದ ಫೆಬ್ರುವರಿಯ ತನಕ ಹೆಸರಘಟ್ಟದಂಥ ಹುಲ್ಲುಗಾವಲಿಗೆ ಬೆಳಕು ಹರಿಯುವಾಗಲೇ ಹೋಗಬೇಕು, ಇಲ್ಲವೇ ಸಂಜೆ.

ನಿಲ್ಲುವ ಜಾಗಕ್ಕೆ ಒಂದು ಸರಳ ಲೆಕ್ಕವಿದೆ. ಸೂರ್ಯ ಬೆನ್ನಿಗಿರಲಿ, ಸಾಧ್ಯವಾದರೆ ಗಾಳಿಯೂ ಬೆನ್ನಿಗೇ ಇರಲಿ. ಹಕ್ಕಿ ಗಾಳಿಗೆ ಎದುರಾಗಿಯೇ ಮೇಲೇಳುತ್ತದೆ, ಗಾಳಿಗೆ ಎದುರಾಗಿಯೇ ನಿಂತಲ್ಲಿ ತೇಲುತ್ತದೆ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಹಕ್ಕಿಯ ಮುಖ ನಿಮ್ಮತ್ತ ಇರುತ್ತದೆ. ನೆಲದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಒಣಗಿದ ಹುಲ್ಲು, ಮರಳು, ನೀರು ಬಿಸಿಲನ್ನು ಮೇಲಕ್ಕೆ ಚಿಮ್ಮಿಸಿ ರೆಕ್ಕೆಯಡಿಯನ್ನು ಬೆಳಗುತ್ತವೆ. ಕರಾವಳಿಯ ಮರಳದಂಡೆಯ ಮೇಲೆ ಹಾರುವ ಗರುಡನ ಕೆಂಗಂದು ಅಷ್ಟು ಚೆನ್ನಾಗಿ ಕಾಣುವುದು ಅದರಿಂದಲೇ. ಕಪ್ಪು ಎರೆಭೂಮಿಯಲ್ಲಿ ಆ ಸಹಾಯ ಸಿಗುವುದಿಲ್ಲ.

ಬೆಟ್ಟದ ಅಂಚು ಇನ್ನೂ ಉತ್ತಮ. ಗಾಳಿ ಇಳಿಜಾರಿಗೆ ಬಡಿದು ಮೇಲೇರುವ ಕಡೆ ಹಕ್ಕಿಗಳು ನಿಮ್ಮ ಕಣ್ಣಿನ ಮಟ್ಟದಲ್ಲೇ, ಕೆಲವೊಮ್ಮೆ ನಿಮಗಿಂತ ಕೆಳಗೇ ಹಾದುಹೋಗುತ್ತವೆ. ನಂದಿಬೆಟ್ಟ, ಬಾಬಾಬುಡನ್‌ಗಿರಿಯ ಸಾಲು, 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮನಗರದ ರಾಮದೇವರಬೆಟ್ಟ ಇಂಥ ಜಾಗಗಳು. ಕೆಳಗಿನಿಂದ ಅಪರೂಪಕ್ಕೆ ಕಾಣುವ ಬೆನ್ನು ಮತ್ತು ರೆಕ್ಕೆಯ ಮೇಲ್ಭಾಗ ಅಲ್ಲಿ ಸುಲಭವಾಗಿ ಸಿಗುತ್ತವೆ.

ಕ್ಯಾಮೆರಾವನ್ನು ಹೀಗೆ ಸಿದ್ಧಮಾಡಿ

1. ಬೆಳಕು: ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ತನ್ನಿ. ಹಕ್ಕಿಯ ಮೇಲೆ ಬೀಳುವ ಬಿಸಿಲೇ ಬೀಳುತ್ತಿರುವ ಹಸಿರು ಹುಲ್ಲಿನ ಕಡೆಗೆ ತಿರುಗಿಸಿ, ಮಾಪಕದ ಮುಳ್ಳು ನಡುವಿಗೆ ಬರುವಂತೆ ಹೊಂದಿಸಿ, ಹಾಗೇ ಬಿಡಿ. ಐಎಸ್‌ಒ ಕೂಡ ಸ್ವಯಂಚಾಲಿತವಾಗಿರುವುದು ಬೇಡ. ಹಿನ್ನೆಲೆ ಏನೇ ಬದಲಾದರೂ ಹಕ್ಕಿಯ ಬೆಳಕು ಬದಲಾಗದು. ಮೋಡ ಬಂದು ಹೋಗುವ ದಿನ ಇದು ಕಷ್ಟ. ಆಗ ಅಪರ್ಚರ್ ಪ್ರಯಾರಿಟಿ ಇಟ್ಟುಕೊಂಡು ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಏರಿಸಿ. ಬಿಳಿ ಆಕಾಶಕ್ಕೆ +1.5ರಿಂದ +2, ತಿಳಿ ನೀಲಿಗೆ +0.7ರ ಆಸುಪಾಸು. ಆಕಾಶ ಬೆಳ್ಳಗಾಗಿ ಹೋದರೆ ಹೋಗಲಿ, ನಮಗೆ ಬೇಕಾದದ್ದು ಗರಿ.

2. ಶಟರ್ ವೇಗ: ತೇಲುವ ಹಕ್ಕಿಗೆ 1/1250 ಸೆಕೆಂಡ್ ಸಾಕು. ರೆಕ್ಕೆ ಬಡಿಯುವ ಶಿಕ್ರಾ, ಎರಗುವ ಚಾಣಕ್ಕೆ 1/2500 ಅಥವಾ ಅದಕ್ಕೂ ಹೆಚ್ಚು.

3. ಅಪರ್ಚರ್: ಎಫ್ 6.3ರಿಂದ ಎಫ್ 8. ಹದ್ದಿನ ರೆಕ್ಕೆಯ ಹರವು ಸುಮಾರು ಒಂದೂವರೆ ಮೀಟರ್. ಹಕ್ಕಿ ಹತ್ತಿರವಿದ್ದಾಗ ತಲೆ ಮತ್ತು ರೆಕ್ಕೆಯ ತುದಿ ಎರಡೂ ಸ್ಪಷ್ಟವಾಗಿರಬೇಕೆಂದರೆ ಇಷ್ಟು ಬೇಕು.

4. ಫೋಕಸ್: ಕಂಪನಿಗೆ ತಕ್ಕಂತೆ ಎಎಫ್-ಸಿ ಅಥವಾ ಎಐ ಸರ್ವೋ ಎನ್ನುವ ನಿರಂತರ ಫೋಕಸ್. ಖಾಲಿ ಆಕಾಶದಲ್ಲಾದರೆ ಅಗಲವಾದ ವಲಯವನ್ನು ಆರಿಸಿ. ಮರ, ಬೆಟ್ಟದ ಹಿನ್ನೆಲೆಯಿದ್ದರೆ ನಡುವಿನ ಒಂದೇ ಬಿಂದು ಅಥವಾ ಚಿಕ್ಕ ಗುಂಪು. ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹಕ್ಕಿಯ ಕಣ್ಣು ಹುಡುಕುವ ಸೌಲಭ್ಯವಿದ್ದರೆ ಬಳಸಿ. ಲೆನ್ಸಿನಲ್ಲಿ ಫೋಕಸ್ ಮಿತಿಯ ಗುಂಡಿಯಿದ್ದರೆ ದೂರಕ್ಕೆ ಹಾಕಿಡಿ. ಫೋಕಸ್ ತಪ್ಪಿದಾಗ ಲೆನ್ಸ್ ಹತ್ತಿರಕ್ಕೆಲ್ಲ ಹುಡುಕಿಕೊಂಡು ಹೋಗಿ ಬರುವ ಹೊತ್ತು ಉಳಿಯುತ್ತದೆ.

5. ಕಡತ: ರಾ ಕಡತವೇ ಇರಲಿ. ನೆರಳಿನಲ್ಲಿ ಅಡಗಿರುವ ವಿವರವನ್ನು ಮನೆಯಲ್ಲಿ ಮೇಲೆತ್ತಲು ಜೆಪೆಗ್‌ನಲ್ಲಿ ಅಷ್ಟು ಅವಕಾಶವಿಲ್ಲ.

6. ಲೆನ್ಸ್: 400ರಿಂದ 600 ಮಿಮೀ ಇದ್ದರೆ ಸಂತೋಷ. ಇಲ್ಲದಿದ್ದರೆ ಸಾಲ ಮಾಡಿ ಕೊಳ್ಳಬೇಡಿ. ಮೀನು ಮಾರುಕಟ್ಟೆ, ಬಂದರು, ಕೆರೆದಂಡೆಯ ಹದ್ದು ಗರುಡಗಳಿಗೆ 70-300 ಮಿಮೀ ಲೆನ್ಸ್ ಧಾರಾಳವಾಗಿ ಸಾಕು. ದೊಡ್ಡ ಜೂಮ್ ಇರುವ ಬ್ರಿಜ್ ಕ್ಯಾಮೆರಾದಿಂದಲೂ ಗುರುತಿಗೆ ಬೇಕಾದ ಚಿತ್ರ ಸಿಗುತ್ತದೆ.

ಚೌಕಟ್ಟಿನಲ್ಲಿ ಹಕ್ಕಿ ಉಳಿಯಬೇಕಾದರೆ

ಉದ್ದ ಲೆನ್ಸಿನಲ್ಲಿ ಆಕಾಶದ ಹಕ್ಕಿಯನ್ನು ಹುಡುಕುವುದೇ ಹೊಸಬರಿಗೆ ದೊಡ್ಡ ಪರೀಕ್ಷೆ. ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ ಕ್ಯಾಮೆರಾವನ್ನು ಕಣ್ಣಿಗೆ ತನ್ನಿ; ಕ್ಯಾಮೆರಾ ನೋಡಿ ಆಮೇಲೆ ಹಕ್ಕಿ ಹುಡುಕಿದರೆ ಸಿಗುವುದಿಲ್ಲ. ಜೂಮ್ ಇದ್ದರೆ ಮೊದಲು ಅಗಲವಾಗಿಟ್ಟು ಹಕ್ಕಿಯನ್ನು ಹಿಡಿದು, ಆಮೇಲೆ ಹತ್ತಿರಕ್ಕೆ ತನ್ನಿ. ಹಕ್ಕಿ ದೂರವಿರುವಾಗಲೇ ಫೋಕಸ್ ಹಿಡಿದು ಅದರೊಂದಿಗೆ ಸಾಗಿ, ಹತ್ತಿರ ಬಂದಾಗ ಕ್ಲಿಕ್ಕಿಸಿ. ಮೊಣಕೈಗಳು ಪಕ್ಕೆಗೆ ತಾಗಿರಲಿ. ಕಾಲು ಕದಲಿಸದೆ ಸೊಂಟದಿಂದ ತಿರುಗಿ. ಗುಂಡಿಯನ್ನು ಒತ್ತಿಯೇ ಹಿಡಿಯಬೇಡಿ. ಚಿಕ್ಕ ಚಿಕ್ಕ ಸರಣಿ ಸಾಕು. ಇಲ್ಲದಿದ್ದರೆ ಹಕ್ಕಿ ಹೊರಳುವ ಗಳಿಗೆಗೆ ಸರಿಯಾಗಿ ಕ್ಯಾಮೆರಾದ ಮೆಮೊರಿ ತುಂಬಿ ನಿಂತುಬಿಡುತ್ತದೆ.

ಕೂತ ಹಕ್ಕಿ ಯಾವಾಗ ಹಾರುತ್ತದೆ? ಅದು ಮುನ್ಸೂಚನೆ ಕೊಡುತ್ತದೆ. ಮೈ ಮುಂದಕ್ಕೆ ಬಾಗುತ್ತದೆ, ತಲೆ ಮೇಲೆ ಕೆಳಗೆ ಆಡಿಸಿ ದೂರ ಅಳೆಯುತ್ತದೆ, ಬಾಲ ಎತ್ತಿ ಹಿಕ್ಕೆ ಹಾಕುತ್ತದೆ. ಹಿಕ್ಕೆ ಬಿದ್ದೊಡನೆ ಬೆರಳು ಗುಂಡಿಯ ಮೇಲಿರಲಿ.

ಬಿಸಿಗಾಳಿಯಲ್ಲಿ ಸುತ್ತುವ ಹಕ್ಕಿಯನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಗುರುತಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಸುತ್ತುವಾಗ ಹಕ್ಕಿ ವೃತ್ತದ ಒಳಮಗ್ಗುಲಿಗೆ ವಾಲಿರುತ್ತದೆ. ಅಂದರೆ ಬೆನ್ನು ವೃತ್ತದ ನಡುವಿನ ಕಡೆಗೆ, ಹೊಟ್ಟೆ ಹೊರಕ್ಕೆ. ನೀವು ವೃತ್ತದ ಹೊರಗೆ ನಿಂತಿದ್ದೀರಿ. ಹಕ್ಕಿ ಸುತ್ತಿನಲ್ಲಿ ನಿಮ್ಮ ಸಮೀಪಕ್ಕೆ ಬಂದಾಗ ರೆಕ್ಕೆಯ ಅಡಿಭಾಗ ನಿಮ್ಮತ್ತ ತೆರೆದುಕೊಳ್ಳುತ್ತದೆ. ಆಚೆ ಬದಿಗೆ ಹೋದಾಗ ಬೆನ್ನು ಮತ್ತು ರೆಕ್ಕೆಯ ಮೇಲ್ಭಾಗ ಕಾಣುತ್ತವೆ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಎರಡು ಸಲವೂ ಬಿಸಿಲು ನಿಮಗೆ ಕಾಣುವ ಮಗ್ಗುಲಿಗೇ ಬೀಳುತ್ತಿರುತ್ತದೆ. ನಡುವಿನ ಎರಡು ಗಳಿಗೆಗಳಲ್ಲಿ ಹಕ್ಕಿ ನೇರ ಎದುರು ಬರುತ್ತದೆ ಅಥವಾ ದೂರ ಸರಿಯುತ್ತದೆ. ಆಗ ರೆಕ್ಕೆ ಸಮತಟ್ಟೋ, ಮೇಲಕ್ಕೆತ್ತಿದೆಯೋ, ಬಾಗಿದೆಯೋ ಎಂಬುದು ದಾಖಲಾಗುತ್ತದೆ. ಹೀಗೆ ಒಂದು ಪೂರ್ತಿ ಸುತ್ತಿನಲ್ಲಿ ನಾಲ್ಕು ಕಡೆ ಕ್ಲಿಕ್ಕಿಸಿದರೆ ಗುರುತಿಗೆ ಬೇಕಾದ ಸಾಕ್ಷ್ಯವೆಲ್ಲ ಕೈಗೆ ಬಂದಂತೆ. ಚೆಂದದ ಒಂದು ಚಿತ್ರಕ್ಕಿಂತ ಈ ನಾಲ್ಕು ಸಾಧಾರಣ ಚಿತ್ರಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮೊದಲು ಆಕಾರ, ಬಣ್ಣ ಆಮೇಲೆ

ಬೇಟೆ ಹಕ್ಕಿಗಳಲ್ಲಿ ಮರಿಯ ಬಣ್ಣ ಬೇರೆ, ಪ್ರಾಯದ್ದು ಬೇರೆ. ಹಲವು ಜಾತಿಗಳಲ್ಲಿ ಗಂಡು ಹೆಣ್ಣಿನ ಬಣ್ಣವೂ ಬೇರೆ. ಜೇನುಗೂಡಿಗೆ ಲಗ್ಗೆಯಿಡುವ ಹನಿ ಬಝರ್ಡ್‌ನಲ್ಲಂತೂ ಒಂದರಂತೆ ಇನ್ನೊಂದಿಲ್ಲ. ಬಿಳಿಚು, ಕೆಂಗಂದು, ಕಡುಗಂದು ಎಲ್ಲವೂ ಉಂಟು. ಬಣ್ಣ ನಂಬಿದರೆ ಮೋಸ ಹೋಗುತ್ತೀರಿ. ಆಕಾರ ಅಷ್ಟು ಸುಲಭವಾಗಿ ಬದಲಾಗದು. ಕಪ್ಪು ನೆರಳಿನಲ್ಲೂ ಅದು ಉಳಿದಿರುತ್ತದೆ. ಈ ಕ್ರಮದಲ್ಲಿ ನೋಡಿ:

1. ರೆಕ್ಕೆಯ ತುದಿ. ಚೂಪಾಗಿದ್ದರೆ ಚಾಣದ ಬಳಗ. ಬೆರಳು ಬಿಡಿಸಿದಂತೆ ಗರಿಗಳು ಬೇರೆಬೇರೆ ಕಂಡರೆ ಹದ್ದು, ಗಿಡುಗ, ಈಗಲ್‌ಗಳ ಕಡೆಯದು. ಬೆರಳುಗಳನ್ನು ಎಣಿಸಿ. ಶಿಕ್ರಾ ಮತ್ತು ಬೆಸ್ರಾಕ್ಕೆ 5, ಅವುಗಳ ಹತ್ತಿರದ ನೆಂಟ ಕ್ರೆಸ್ಟೆಡ್ ಗೋಸ್‌ಹಾಕ್‌ಗೆ 6.

2. ರೆಕ್ಕೆಯ ನಿಲುವು. ಎದುರಿನಿಂದ ನೋಡಿದಾಗ ಹ್ಯಾರಿಯರ್‌ಗಳದು ಸ್ಪಷ್ಟವಾದ ವಿ ಆಕಾರ. ಹದ್ದಿನ ರೆಕ್ಕೆ ತುಸು ಕೆಳಕ್ಕೆ ಬಾಗಿದ್ದು. ಹನಿ ಬಝರ್ಡ್‌ನದು ಸಮತಟ್ಟು.

3. ಬಾಲ. ಕವಲೊಡೆದಿದೆಯೇ, ಗುಂಡಗಿದೆಯೇ, ನೇರ ಕತ್ತರಿಸಿದಂತಿದೆಯೇ, ಬೆಣೆಯಂತಿದೆಯೇ? ರೆಕ್ಕೆಯ ಅಗಲಕ್ಕೆ ಹೋಲಿಸಿದರೆ ಉದ್ದವೇ ಗಿಡ್ಡವೇ?

4. ತಲೆ. ಎಷ್ಟು ಮುಂದಕ್ಕೆ ಚಾಚಿದೆ? ಹನಿ ಬಝರ್ಡ್‌ಗೆ ಪುಟ್ಟ ತಲೆ, ಉದ್ದ ಕತ್ತು. ರಣಹದ್ದಿನ ತಲೆ ಆ ಅಗಲ ರೆಕ್ಕೆಗಳ ನಡುವೆ ಹೆಚ್ಚು ಎದ್ದು ಕಾಣುವುದೇ ಇಲ್ಲ.

5. ಹಾರುವ ಧಾಟಿ. ಎರಡು ಮೂರು ಸಲ ಬಡಿದು ತೇಲುವುದೇ? ನಿಂತಲ್ಲೇ ರೆಕ್ಕೆ ಬಡಿಯುವುದೇ? ಹುಲ್ಲಿಗೆ ತಾಗುವಂತೆ ತೂಗಾಡುತ್ತ ಸಾಗುವುದೇ? ಇದು ಫೋಟೊದಲ್ಲಿ ಸಿಗುವುದಿಲ್ಲ. ಮೊಬೈಲಿನಲ್ಲಿ ಎರಡು ಮಾತು ಹೇಳಿ ಧ್ವನಿ ಮುದ್ರಿಸಿಕೊಳ್ಳಿ.

ಈ ಐದನ್ನೂ ಕಲಿಯಲು ನಿಮ್ಮೂರಿನ ಹದ್ದು, ಅಂದರೆ ಪುಸ್ತಕದ ಬ್ಲ್ಯಾಕ್ ಕೈಟ್, ಒಂದೇ ಸಾಕು. ಅದು ಸಾಮಾನ್ಯ ಹಕ್ಕಿ ಎಂದು ಕಡೆಗಣಿಸುವವರೇ ಹೆಚ್ಚು. ಮೊದಲ ಚಳಿಗಾಲವಿಡೀ ಅದರ ಹಿಂದೆಯೇ ಬೀಳಿ. ಬಾಲವನ್ನು ದೋಣಿಯ ಚುಕ್ಕಾಣಿಯ ಹಾಗೆ ಅತ್ತಿತ್ತ ತಿರುಚುತ್ತಲೇ ಇರುವುದು, ಮಣಿಕಟ್ಟಿನಲ್ಲಿ ಮಡಿದ ರೆಕ್ಕೆ, ರೆಕ್ಕೆಯಡಿ ಬೆರಳುಗಳ ಬುಡದಲ್ಲಿರುವ ಮಾಸಲು ಮಚ್ಚೆ, ಇವೆಲ್ಲ ಕಣ್ಣಿಗೆ ಕೂತರೆ ಹದ್ದಲ್ಲದ್ದು ಬಂದಾಗ ತಾನಾಗಿ ತಿಳಿಯುತ್ತದೆ.

ಗೊಂದಲದ ಜೋಡಿಗಳು

ಹದ್ದು ಮತ್ತು ಎಳೆಯ ಗರುಡ: ಪ್ರಾಯದ ಗರುಡನ ಬಿಳಿ ತಲೆ, ಕೆಂಗಂದು ಮೈ ಯಾರಿಗೂ ತಪ್ಪದು. ಎಳೆಯದು ಕಂದು, ಹದ್ದೆಂದೇ ತಿಳಿಯುತ್ತಾರೆ. ಗರುಡನ ಬಾಲದ ತುದಿ ಯಾವ ವಯಸ್ಸಿನಲ್ಲೂ ಗುಂಡಗೆ. ಹದ್ದಿನದು ನಸುವಾಗಿ ಕವಲೊಡೆದದ್ದು. ಆದರೆ ಹದ್ದು ಬಾಲವನ್ನು ಪೂರ್ತಿ ಬಿಡಿಸಿದಾಗ ಕವಲು ಮಾಯವಾಗಿ ಅಂಚು ನೇರವಾಗುತ್ತದೆ, ಗುಂಡಗಂತೂ ಆಗುವುದಿಲ್ಲ. ಅದಕ್ಕೇ ಬಾಲ ಮಡಚಿದ್ದು, ಬಿಡಿಸಿದ್ದು ಎರಡೂ ಚಿತ್ರದಲ್ಲಿರಬೇಕು. ಎಳೆಯ ಗರುಡನ ರೆಕ್ಕೆ ಗಿಡ್ಡ ಮತ್ತು ಅಗಲ, ಅಡಿಯ ಮಾಸಲು ಮಚ್ಚೆಯೂ ದೊಡ್ಡದು.

ಹದ್ದು ಮತ್ತು ಕಡುಬಣ್ಣದ ಬೂಟೆಡ್ ಈಗಲ್: ಚಳಿಗಾಲದಲ್ಲಿ ಬರುವ ಈ ಪುಟ್ಟ ಈಗಲ್‌ನಲ್ಲಿ ತಿಳಿ ಮತ್ತು ಕಡು ಎಂಬ ಎರಡು ಬಣ್ಣಗಳಿವೆ. ತಿಳಿಬಣ್ಣದ್ದು ಸುಲಭ: ಮೈ ಮತ್ತು ರೆಕ್ಕೆಯ ಮುಂಭಾಗ ಬಿಳಿ, ಹಾರುಗರಿಗಳು ಕಪ್ಪು. ಕಡುಬಣ್ಣದ್ದು ಹದ್ದುಗಳ ನಡುವೆಯೇ ಸುತ್ತುತ್ತಿದ್ದರೂ ಎಷ್ಟೋ ಸಲ ನಮ್ಮ ಗಮನಕ್ಕೇ ಬರುವುದಿಲ್ಲ. ಅದರ ಬಾಲಕ್ಕೆ ಕವಲಿಲ್ಲ, ಅದನ್ನು ತಿರುಚುವುದೂ ಇಲ್ಲ. ಎದುರಿನಿಂದ ಬರುವಾಗ ಕತ್ತಿನ ಇಕ್ಕೆಲಗಳಲ್ಲಿ, ರೆಕ್ಕೆ ಮೈಗೆ ಸೇರುವ ಕಡೆ, ಎರಡು ಬಿಳಿ ಚುಕ್ಕೆ ಹೊಳೆಯುತ್ತವೆ. ಎದುರಿನ ಚೌಕಟ್ಟನ್ನು ಅಳಿಸಬೇಡಿ ಎನ್ನುವುದು ಇದಕ್ಕೇ.

ಶಿಕ್ರಾ ಮತ್ತು ಹಾಕ್-ಕುಕ್ಕೂ: ಬೇಸಿಗೆಯಲ್ಲಿ ‘ಬ್ರೇನ್‌ಫೀವರ್’ ಎಂದು ಕೂಗಿ ಕೂಗಿ ಏರುವ ಕೋಗಿಲೆಯ ಬಳಗದ ಈ ಹಕ್ಕಿ ಬಣ್ಣದಲ್ಲೂ ಹಾರಾಟದಲ್ಲೂ ಶಿಕ್ರಾವನ್ನೇ ಹೋಲುತ್ತದೆ, ಸಣ್ಣ ಹಕ್ಕಿಗಳೇ ಬೆದರಿ ಚದುರುತ್ತವೆ. ಚಿತ್ರದಲ್ಲಿ ಕೊಕ್ಕು ನೋಡಿ: ಶಿಕ್ರಾದ್ದು ಕೊಕ್ಕೆಯಂತೆ ಬಾಗಿದೆ, ಇದರದು ಇಲ್ಲ. ರೆಕ್ಕೆಯ ತುದಿಯೂ ಶಿಕ್ರಾದಷ್ಟು ಗುಂಡಗಿಲ್ಲ. ಮಲೆನಾಡಿನ ಕಾಡಿನಲ್ಲಾದರೆ ಬೆಸ್ರಾದ ಸಾಧ್ಯತೆಯನ್ನೂ ಪರಿಶೀಲಿಸಬೇಕು. ಅದರ ಗಂಟಲ ನಡುವೆ ದಪ್ಪನೆಯ ಕಪ್ಪು ಗೆರೆಯಿದೆ. ಎಳೆಯ ಶಿಕ್ರಾದಲ್ಲೂ ಗೆರೆಯಿರುವುದರಿಂದ ಇದೊಂದನ್ನೇ ನಂಬುವಂತಿಲ್ಲ.

ಸರ್ಪೆಂಟ್ ಈಗಲ್ ಮತ್ತು ಹಾಕ್-ಈಗಲ್: ನಾಗರಹೊಳೆ, ಭದ್ರಾ ಕಾಡುಗಳಲ್ಲಿ ಎರಡೂ ಇವೆ, ಎರಡಕ್ಕೂ ಜುಟ್ಟಿದೆ. ಬೆಳಕು ಸರಿಯಿರುವ ಒಂದು ಚಿತ್ರ ಸಿಕ್ಕರೆ ಇಲ್ಲಿ ಚರ್ಚೆಯೇ ಬೇಡ. ಸರ್ಪೆಂಟ್ ಈಗಲ್‌ನ ರೆಕ್ಕೆಯಡಿ ಉದ್ದಕ್ಕೂ ಅಗಲವಾದ ಬಿಳಿ ಪಟ್ಟಿ, ಅದರ ಹಿಂದೆ ಕಪ್ಪು ಅಂಚು. ಬಾಲದಲ್ಲೂ ಅದೇ ಬಿಳಿ ಪಟ್ಟಿ. ರಾ ಕಡತದಲ್ಲಿ ನೆರಳನ್ನು ಮೇಲೆತ್ತುತ್ತ ಹೋದಂತೆ ಕಪ್ಪು ಹಲಗೆಯಂತಿದ್ದ ರೆಕ್ಕೆಯೊಳಗಿಂದ ಮೊದಲು ಆ ಬಿಳಿ ಪಟ್ಟಿ ಮೂಡುತ್ತದೆ, ಆಮೇಲೆ ಮುಂಭಾಗದ ಕಂದಿನಲ್ಲಿ ಚದುರಿದ ಬಿಳಿ ಚುಕ್ಕೆಗಳು, ಕೊನೆಗೆ ಕಣ್ಣಿನ ಸುತ್ತಲ ಹಳದಿ. ಹಾಕ್-ಈಗಲ್‌ನಲ್ಲಿ ಆ ಪಟ್ಟಿಯಿಲ್ಲ. ಬಾಲ ಉದ್ದ, ಎದೆಯ ಮೇಲೆ ಉದ್ದುದ್ದ ಗೆರೆಗಳು. ಸರ್ಪೆಂಟ್ ಈಗಲ್ ಮೇಲೆ ಸುತ್ತುವಾಗ ಸುಮ್ಮನಿರುವುದಿಲ್ಲ; ಸಿಳ್ಳಿನಂಥ ಕೂಗು ಎಷ್ಟೋ ದೂರಕ್ಕೆ ಕೇಳಿಸುತ್ತದೆ. ಇದೇ ಕಾಡುಗಳಲ್ಲಿ ಮರದ ನೆತ್ತಿಗೆ ತಾಗುವಂತೆ ನಿಧಾನವಾಗಿ ತೇಲುವ, ಪೂರ್ತಿ ಕಪ್ಪಾದ, ಬೆರಳುಗಳು ಉದ್ದಕ್ಕೆ ಬಿಡಿಸಿಕೊಂಡ ಹಕ್ಕಿ ಕಂಡರೆ ಅದು ಬ್ಲ್ಯಾಕ್ ಈಗಲ್. ಅದರ ಹಳದಿ ಕಾಲು ಚಿತ್ರದಲ್ಲಿ ಬರಲಿ.

ಪ್ಯಾಲಿಡ್ ಮತ್ತು ಮಾಂಟೆಗ್ಯೂ ಹ್ಯಾರಿಯರ್: ಗಂಡುಗಳನ್ನು ಬಿಡಿಸಬಹುದು. ಎರಡೂ ಬೂದು. ಪ್ಯಾಲಿಡ್‌ನ ರೆಕ್ಕೆಯ ತುದಿಯಲ್ಲಿ ಕಿರಿದಾದ ಕಪ್ಪು ಬೆಣೆ ಮಾತ್ರ. ಮಾಂಟೆಗ್ಯೂನ ತುದಿಯೆಲ್ಲ ಕಪ್ಪು, ಜೊತೆಗೆ ರೆಕ್ಕೆಯ ಮೇಲೆ ಅಡ್ಡಕ್ಕೆ ಒಂದು ಕಪ್ಪು ಗೆರೆ. ಹೆಣ್ಣುಗಳು ಎರಡೂ ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ. ಅನುಭವಿಗಳೂ ಇಲ್ಲಿ ತಡೆಯುತ್ತಾರೆ. ಮುಖ ಸ್ಪಷ್ಟವಾಗಿದ್ದರೆ ಕೆನ್ನೆಯ ಕಪ್ಪಿನ ಹಿಂದೆ ತಿಳಿ ಕೊರಳಪಟ್ಟಿ ಇದೆಯೇ ನೋಡಿ. ಇದ್ದರೆ ಪ್ಯಾಲಿಡ್ ಇರಬಹುದು.

ಉಳಿದವನ್ನು ಬೇಗ ಹೇಳಿಬಿಡಬಹುದು. ನಿಂತಲ್ಲೇ ರೆಕ್ಕೆ ಬಡಿಯುವ ಬೂದು ಬಿಳಿ ಹಕ್ಕಿಯ ಭುಜ ಕಪ್ಪಾಗಿದ್ದರೆ ಬ್ಲ್ಯಾಕ್-ವಿಂಗ್ಡ್ ಕೈಟ್. ಬೆನ್ನು ಇಟ್ಟಿಗೆ ಬಣ್ಣವಿದ್ದು ರೆಕ್ಕೆ ಚೂಪಾಗಿದ್ದರೆ ಕೆಸ್ಟ್ರೆಲ್. ನೀರಿನ ಮೇಲೆ, ಬಿಳಿ ಹೊಟ್ಟೆ, ಮಡಿದ ಉದ್ದ ರೆಕ್ಕೆ, ಮಣಿಕಟ್ಟಿನಲ್ಲಿ ಕಪ್ಪು ಮಚ್ಚೆ ಇದ್ದರೆ ಆಸ್ಪ್ರೇ; ಚಳಿಗಾಲದಲ್ಲಿ ಕಬಿನಿ, ಭದ್ರಾ ಹಿನ್ನೀರಿನಲ್ಲಿ ಕಾಲು ಮುಂದೆ ಮಾಡಿ ನೀರಿಗೆ ಧುಮುಕುತ್ತದೆ. ಬಿಳಿ ಮೈ, ಕಪ್ಪು ಹಾರುಗರಿ, ಬೆಣೆಯಾಕಾರದ ಬಾಲ ಕರಾವಳಿಯಲ್ಲಿ ಕಂಡರೆ ನೇತ್ರಾಣಿ ದ್ವೀಪದಲ್ಲಿ ಗೂಡುಕಟ್ಟುವ ಕಡಲ ಹದ್ದು. ಬಯಲುಸೀಮೆಯ ಬಂಡೆಬೆಟ್ಟದಲ್ಲಿ ಕಂಡರೆ ಈಜಿಪ್ಟಿನ ರಣಹದ್ದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗಾತ್ರದಿಂದ ಗುರುತಿಸುವುದು. ಖಾಲಿ ಆಕಾಶದಲ್ಲಿ ಗಾತ್ರ ಅಳೆಯಲು ಏನೂ ಇರುವುದಿಲ್ಲ. ಹಕ್ಕಿಯನ್ನು ಕಾಗೆ ಅಟ್ಟಿಸಿಕೊಂಡು ಹೋಗುತ್ತಿದ್ದರೆ ಆ ಚೌಕಟ್ಟನ್ನು ಬಿಡಬೇಡಿ. ಊರುಕಾಗೆಯ ಉದ್ದ ಸುಮಾರು 40 ಸೆಂಟಿಮೀಟರ್, ಅದೇ ನಿಮ್ಮ ಅಳತೆಪಟ್ಟಿ. ಕಾಗೆಗಳ ಗಲಾಟೆ ಕೇಳಿದೊಡನೆ ತಲೆ ಎತ್ತುವ ಅಭ್ಯಾಸವೂ ಒಳ್ಳೆಯದು.

ಉದುರಿದ ಗರಿಯನ್ನು ಗುರುತೆಂದು ತಿಳಿಯುವುದು. ಹಾರುಗರಿಗಳು ವರ್ಷದಲ್ಲಿ ಒಂದಿಷ್ಟು ಉದುರಿ ಹೊಸದು ಬರುತ್ತವೆ. ಬಾಲದ ನಡುಗರಿ ಉದುರಿದರೆ ಕವಲಿಲ್ಲದ ಬಾಲಕ್ಕೂ ಕವಲು ಬಂದಂತೆ ಕಾಣುತ್ತದೆ. ಅಂಚಿನ ಗರಿ ಸವೆದರೆ ಹದ್ದಿನ ಕವಲೇ ಕಾಣೆಯಾಗುತ್ತದೆ. ರೆಕ್ಕೆಯ ಹಿಂಬದಿಯ ಅಂಚು ಹರಿದಂತಿದ್ದರೆ ಬೆರಳಿನ ಲೆಕ್ಕವನ್ನೂ ನಂಬಬೇಡಿ.

ಮಸುಕಾದ ಚಿತ್ರಗಳನ್ನು ಕಾಡಿನಲ್ಲೇ ಅಳಿಸುವುದು. ಅಳಿಸಿದ್ದರಲ್ಲೇ ಬಾಲದ ಆಕಾರ ಇದ್ದಿರಬಹುದು. ಗುರುತು ಖಚಿತವಾಗುವ ತನಕ ಎಲ್ಲವೂ ಇರಲಿ.

ಅಪರೂಪದ್ದೇ ಇರಬೇಕೆಂಬ ಆಸೆ. ಮೊದಲು ಸಾಮಾನ್ಯ ಹಕ್ಕಿಯಲ್ಲ ಎಂದು ಸಾಬೀತಾಗಲಿ, ಆಮೇಲೆ ಅಪರೂಪದ್ದರ ಮಾತು. ತಿಂಗಳು, ಜಾಗ, ನೆಲದ ಬಗೆ ಮೂರೂ ಹೊಂದಬೇಕು. ಮೇ ತಿಂಗಳಲ್ಲಿ ನಿಮ್ಮೂರ ಹೊಲದ ಮೇಲೆ ಹ್ಯಾರಿಯರ್ ಕಂಡಂತಾದರೆ ಇನ್ನೊಮ್ಮೆ ನೋಡಿ.

ಎಚ್ಚರಿಕೆಗಳು

ಹಕ್ಕಿಯನ್ನು ಹಿಂಬಾಲಿಸುತ್ತ ಲೆನ್ಸನ್ನು ಸೂರ್ಯನ ಕಡೆಗೆ ಎಂದೂ ತಿರುಗಿಸಬೇಡಿ. ಡಿಎಸ್‌ಎಲ್‌ಆರ್‌ನ ಇಣುಕುಗಂಡಿಯಲ್ಲಿ ಅಥವಾ ದುರ್ಬೀನಿನಲ್ಲಿ ಕ್ಷಣ ಮಾತ್ರ ಸೂರ್ಯ ಬಂದರೂ ಕಣ್ಣಿಗೆ ಶಾಶ್ವತ ಹಾನಿಯಾದೀತು. ಹಕ್ಕಿ ಆ ಕಡೆಗೆ ಹೋದರೆ ಬಿಟ್ಟುಬಿಡಿ. ಬಂಡೆಯ ಅಂಚಿನಲ್ಲಿ, ರಸ್ತೆಯಲ್ಲಿ, ಹೊಲದ ಹಾಳುಬಾವಿಯ ಬಳಿ ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದೆ ಹೆಜ್ಜೆ ಹಾಕಬೇಡಿ.

ಗೂಡಿನ ಹತ್ತಿರ ಹೋಗುವುದೇ ಬೇಡ. ಇವುಗಳಲ್ಲಿ ಹೆಚ್ಚಿನವು ಚಳಿಗಾಲದ ನಡುವಿನಿಂದ ಬೇಸಿಗೆಯ ತನಕ ಮರಿ ಮಾಡುತ್ತವೆ. ನಿಮ್ಮನ್ನು ಕಂಡು ತಾಯಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. ಗೂಡಿನ ಜಾಗವನ್ನು ಯಾರಿಗೂ ತಿಳಿಸಬೇಡಿ, ಫೋಟೊದೊಳಗಿನ ಜಿಪಿಎಸ್ ಮಾಹಿತಿಯನ್ನೂ ತೆಗೆದುಹಾಕಿ. ಹಕ್ಕಿಯನ್ನು ಹತ್ತಿರ ಕರೆಯಲು ಮಾಂಸ ಎಸೆಯುವುದು, ಕೂಗು ನುಡಿಸುವುದು, ಕೂತ ಹಕ್ಕಿಯನ್ನು ಹಾರಿಸಲು ಕಲ್ಲು ಹೊಡೆಯುವುದು ಯಾವುದೂ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಹಕ್ಕಿಗಳಿಗೆ ರಕ್ಷಣೆ ಕೊಟ್ಟಿದೆ. ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಹ್ಯಾರಿಯರ್‌ಗಳು ರಾತ್ರಿ ಗುಂಪಾಗಿ ನೆಲದ ಮೇಲೆಯೇ ತಂಗುತ್ತವೆ. ಸಂಜೆ ಹುಲ್ಲಿನೊಳಗೆ ನಡೆದರೆ ಇಡೀ ಗುಂಪು ಎದ್ದು ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕಾಗುತ್ತದೆ. ದಾರಿಯಲ್ಲೇ ನಿಂತು ನೋಡಿ.

ಮನೆಗೆ ಬಂದ ಮೇಲೆ

ಒಂದೇ ಹಕ್ಕಿಯ ಚೌಕಟ್ಟುಗಳನ್ನು ಹೊತ್ತಿನ ಪ್ರಕಾರ ಒಂದು ಕಡೆ ಸೇರಿಸಿ. ನೆರಳನ್ನು ಮಾತ್ರ ಮೇಲೆತ್ತಿ. ಬಣ್ಣ ತಿದ್ದಬೇಡಿ, ಹರಿತ ಹೆಚ್ಚಿಸಬೇಡಿ, ಅವು ಇಲ್ಲದ ಗೆರೆಗಳನ್ನು ತೋರಿಸುತ್ತವೆ. ಆಕಾರ, ರೆಕ್ಕೆಯ ನಿಲುವು, ಬಾಲ, ರೆಕ್ಕೆಯಡಿಯ ಪಟ್ಟಿ, ಮುಖ ಎಂಬ ಕ್ರಮದಲ್ಲಿ ಬರೆದುಕೊಂಡು ಆಮೇಲೆ ಪುಸ್ತಕ ತೆರೆಯಿರಿ. ರಿಷದ್ ನೌರೋಜಿ 2006ರಲ್ಲಿ ಪ್ರಕಟಿಸಿದ, ಭಾರತ ಉಪಖಂಡದ ಬೇಟೆ ಹಕ್ಕಿಗಳ ದೊಡ್ಡ ಗ್ರಂಥ ಗ್ರಂಥಾಲಯದಲ್ಲಿ ಸಿಕ್ಕರೆ ಕೂತು ಓದಬೇಕಾದದ್ದು. ಮರ್ಲಿನ್ ಎಂಬ ಉಚಿತ ಆ್ಯಪ್ ಫೋಟೊ ನೋಡಿ ಹೆಸರು ಸೂಚಿಸುತ್ತದೆ. ಅದರ ಸೂಚನೆಯನ್ನು ಎರಡನೆಯ ಅಭಿಪ್ರಾಯವಾಗಿ ಇಟ್ಟುಕೊಳ್ಳಿ. ಕಪ್ಪು ಆಕೃತಿ ಕೊಟ್ಟರೆ ಅದೂ ತಪ್ಪುತ್ತದೆ.

ಹಕ್ಕಿ ನೋಟಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಸಲ್ಲಿಸುವವರು ಒಂದು ಚಿತ್ರದ ಬದಲು ಅಡಿ, ಮೇಲು, ಎದುರು ಮೂರನ್ನೂ ಏರಿಸಿ, ಪರಿಶೀಲಿಸುವವರಿಗೆ ಅನುಕೂಲ. ಇಷ್ಟಾಗಿಯೂ ಜಾತಿ ತಿಳಿಯದಿದ್ದರೆ ಊಹಿಸಿ ಬರೆಯಬೇಡಿ. ಅಲ್ಲಿ ‘ಹ್ಯಾರಿಯರ್, ಜಾತಿ ಗೊತ್ತಿಲ್ಲ’ ಎಂದೋ, ‘ಪ್ಯಾಲಿಡ್ ಅಥವಾ ಮಾಂಟೆಗ್ಯೂ’ ಎಂದೋ ದಾಖಲಿಸಲು ಅವಕಾಶವಿದೆ. ಹಾಗೆ ದಾಖಲಿಸಿ ಚಿತ್ರಗಳನ್ನು ಜೊತೆಗಿಟ್ಟರೆ, ಮುಂದೆ ಗುರುತು ಸಿಕ್ಕಾಗ ತಿದ್ದಿಕೊಳ್ಳಬಹುದು.